ಹನ್ನೆರಡು ಸೈಕಲ್‌ಗಳು ನೆಟ್ಟಗೆ ಹೋಗದ ವಾರ

ತಜ್ಞರು ಬಂದ ಭಾನುವಾರ ನನ್ನನ್ನು ಯಾರೂ ಕರೆದಿರಲಿಲ್ಲ. ನಾನೇ ಹೋಗಿದ್ದೆ. ಗೋಕಾಕದಲ್ಲಿ ಇಪ್ಪತ್ತೆರಡು ವರ್ಷದಿಂದ ಸೈಕಲ್ ರಿಪೇರಿ ಅಂಗಡಿ ನಡೆಸುತ್ತಿರುವವನು ನಾನು. ಮೂಡಲಗಿಯ ಸೈಕಲ್ ಕ್ಲಬ್ಬಿಗೆ ಒಬ್ಬ ದಾನಿ ಕೊಟ್ಟ ಹನ್ನೆರಡು ರೇಸ್ ಸೈಕಲ್‌ಗಳು ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬಂದಾಗ ಅವನ್ನೆಲ್ಲ ಜೋಡಿಸಿಕೊಟ್ಟವನೂ ನಾನೇ. ಆದರೆ ಅಂದು ಮೂಡಲಗಿಯ ಶಾಲೆಯ ಹಿಂದಿನ ಕ್ಲಬ್ಬಿನ ತಗಡಿನ ಶೆಡ್ಡಿನಲ್ಲಿ ನನಗೆ ಗೋಡೆಗೆ ಆತುಕೊಂಡು ನಿಲ್ಲುವಷ್ಟೇ ಜಾಗವಿತ್ತು.

ತಜ್ಞರು ಪುಣೆಯಿಂದ ಬಂದಿದ್ದರು. ಮೂಲತಃ ನಮ್ಮ ಕಡೆಯವರೇ, ಮಾತು ಮಾತ್ರ ಅರ್ಧ ಇಂಗ್ಲಿಷು. ಸವಾರನ ಮೈಯಳತೆಗೆ ಸೈಕಲ್ ಹೊಂದಿಸುವುದು ಅವರ ಕಸುಬಂತೆ. ಸವಾರರನ್ನು ಒಬ್ಬೊಬ್ಬರಾಗಿ ಸೈಕಲ್ ಮೇಲೆ ಕೂರಿಸಿ, ಮೊಣಕಾಲಿಗೆ ಕೆಂಪು ಬೆಳಕು ಬಿಟ್ಟು, ಫೋನಿನಲ್ಲಿ ಫೋಟೊ ಹಿಡಿದು, ಫೋಟೊದ ಮೇಲೆ ಗೆರೆ ಎಳೆದರು. ಕೊನೆಗೆ ಹನ್ನೆರಡೂ ಜನಕ್ಕೆ ಹೇಳಿದ್ದು ಒಂದೇ ಮಾತು. ಹ್ಯಾಂಡಲ್ ಎತ್ತರವಾಗಿದೆ, ಸ್ಟೆಮ್ ಇಳಿಸಬೇಕು. ಹನ್ನೆರಡು ಬೇರೆಬೇರೆ ಮೈಗಳಿಗೆ ಒಂದೇ ಉತ್ತರ ಹೇಳುವುದಾದರೆ ಅಷ್ಟೊಂದು ಗೆರೆಗಳು ಏಕೆ ಬೇಕಿದ್ದವು ಎಂದು ನನಗೆ ಅನಿಸಿತು. ಆದರೆ ಕ್ಲಬ್ಬಿನ ಕಾರ್ಯದರ್ಶಿಗಳು ಕೈಕಟ್ಟಿ ತಲೆಯಾಡಿಸುತ್ತಿದ್ದರು. ಅವರು ನಿವೃತ್ತ ದೈಹಿಕ ಶಿಕ್ಷಕರು, ಒಳ್ಳೆಯವರು. ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡಿದರೆ ಮಾತ್ರ ಅವರ ಬುದ್ಧಿ ಮೆತ್ತಗಾಗಿಬಿಡುತ್ತದೆ.

ಸ್ಟೆಮ್ ಎಂದರೆ ಹ್ಯಾಂಡಲನ್ನೂ ಮುಂದಿನ ಚಕ್ರವನ್ನು ಹಿಡಿಯುವ ಕವೆಯಂಥ ಫೋರ್ಕನ್ನೂ ಜೋಡಿಸುವ ಗಿಡ್ಡ ತುಂಡು. ಹಾಲು ಹಾಕುವವನ ಹಳೆಯ ಸೈಕಲ್ಲಿನಲ್ಲಿ ಅದನ್ನು ಏರಿಸಿದರೂ ಇಳಿಸಿದರೂ ಹ್ಯಾಂಡಲ್ ತಿರುಗಲು ಬೇಕಾದ ಕೆಳಗಿನ ಬೇರಿಂಗಿಗೆ ಏನೂ ಆಗುವುದಿಲ್ಲ. ಈ ಹೊಸ ಸೈಕಲ್‌ಗಳಲ್ಲಿ ಹಾಗಲ್ಲ. ಇಲ್ಲಿ ಫೋರ್ಕಿನ ಕೊಳವೆ ಮೇಲೆ ಬಂದಿರುತ್ತದೆ, ಸ್ಟೆಮ್ ಅದನ್ನು ಹೊರಗಿನಿಂದ ಅಪ್ಪಿಕೊಳ್ಳುತ್ತದೆ. ಅಪ್ಪಿ ಹಿಡಿಯುವ ಕೆಲಸ ಪಕ್ಕದ ಎರಡು ಬೋಲ್ಟ್‌ಗಳದು. ತಲೆಯ ಮೇಲೆ ಒಂದು ಚಿಕ್ಕ ಮುಚ್ಚಳ, ಅದರ ನಡುವೆ ಒಂದು ಬೋಲ್ಟ್ ಇರುತ್ತದೆ. ಅದು ಏನನ್ನೂ ಹಿಡಿಯುವುದಿಲ್ಲ. ಬೇರಿಂಗಿನಲ್ಲಿ ಆಟ, ಎಂದರೆ ಸಡಿಲ ಅಲುಗಾಟ, ಹೋಗುವಷ್ಟು ಮಾತ್ರ ಮೆಲ್ಲಗೆ ಒತ್ತುತ್ತದೆ. ಮೊದಲು ಇದನ್ನು ಬೆರಳಿನ ಅಂದಾಜಿನಲ್ಲಿ ಕೂರಿಸಬೇಕು, ಆಮೇಲೆ ಪಕ್ಕದವನ್ನು ಬಿಗಿಯಬೇಕು. ನನ್ನ ಅಂಗಡಿಯಲ್ಲಿ ಕೆಲಸ ಕಲಿತವರು ಮೊದಲ ವಾರದಲ್ಲೇ ಇದನ್ನು ಕಲಿಯುತ್ತಾರೆ.

ತಜ್ಞರ ಹತ್ತಿರ ಒಂದು ಬೆಳ್ಳಿಬಣ್ಣದ ಪಾನಾ ಇತ್ತು. ಬೇಕಾದಷ್ಟು ಬಿಗಿಯಾದ ಕೂಡಲೇ ಅದು ಟಕ್ ಎನ್ನುತ್ತದೆ. ಒಳ್ಳೆಯ ಸಾಧನ, ನನಗೂ ಆಸೆ ಇದೆ. ಅವರು ಅದರ ಮೇಲೆ ಒಂದು ಸಂಖ್ಯೆ ಇಟ್ಟು ಪಕ್ಕದ ಬೋಲ್ಟಿಗೆ ಟಕ್ ಅನಿಸಿದರು, ಇನ್ನೊಂದಕ್ಕೂ ಟಕ್ ಅನಿಸಿದರು. ಆಮೇಲೆ ಅದೇ ಸಂಖ್ಯೆಯಲ್ಲಿ ಮುಚ್ಚಳದ ಬೋಲ್ಟಿಗೂ ಟಕ್ ಅನಿಸಿದರು. ನಾನು ಗೋಡೆ ಬಿಟ್ಟು ಮುಂದೆ ಬಂದು, ಸಾಹೇಬ್ರ, ಮುಚ್ಚಳಕ್ಕೆ ಅಷ್ಟು ಬೇಡ ಎಂದೆ. ಅವರು ನನ್ನ ಎಣ್ಣೆ ಹತ್ತಿದ ಅಂಗಿಯನ್ನು ನೋಡಿದರು, ಮುಖ ನೋಡಲಿಲ್ಲ. "ಅಂದಾಜಿನ ಕಾಲ ಮುಗೀತ್ರಿ ಮಿಸ್ತ್ರಿ. ಇದು ಸ್ಪೆಸಿಫಿಕೇಶನ್" ಎಂದರು. ಕಾರ್ಯದರ್ಶಿಗಳು ನನ್ನ ಕಡೆ ತಿರುಗಿ, ಸುಮ್ಮನಿರುವಂತೆ ಕಣ್ಣಿನಲ್ಲೇ ಹೇಳಿದರು.

ಸ್ಟೆಮ್ ಇಳಿಸಿದಾಗ ಅದರ ಕೆಳಗಿದ್ದ ಉಂಗುರಗಳನ್ನು ತೆಗೆದು ಮೇಲೆ ಹಾಕಬೇಕು. ಎಂಟು ಸೈಕಲ್‌ಗಳಿಗೆ ಹಾಕಿದರು. ನಾಲ್ಕಕ್ಕೆ, ನೋಡಲು ಚೆನ್ನಾಗಿರುವುದಿಲ್ಲವೆಂದು, ಹಾಕದೆ ಪಕ್ಕಕ್ಕೆ ಎಸೆದರು. ಎಲ್ಲ ಮುಗಿದ ಮೇಲೆ ಪ್ರತಿ ಬೋಲ್ಟಿನ ಮೇಲೆ ಹಳದಿ ಬಣ್ಣದ ಚುಕ್ಕೆ ಇಟ್ಟು, ಯಾರಾದರೂ ಬೋಲ್ಟ್ ತಿರುಗಿಸಿ ಚುಕ್ಕೆ ಒಡೆದರೆ ಅಳತೆಗೆ ತಾವು ಜವಾಬ್ದಾರರಲ್ಲ, ಮುಂದಿನ ಭಾನುವಾರ ಹುಕ್ಕೇರಿಯಲ್ಲಿ ಜಿಲ್ಲಾ ತಂಡದ ಆಯ್ಕೆಯ ಓಟ ಮುಗಿಯುವವರೆಗೆ ಯಾರೂ ಮುಟ್ಟಬಾರದು ಎಂದು ಹೇಳಿ ಊಟಕ್ಕೆ ಹೋದರು. ಎಸೆದ ಉಂಗುರಗಳನ್ನು ನಾನು ಹೆಕ್ಕಿ ಕಿಸೆಗೆ ಹಾಕಿಕೊಂಡು ಗೋಕಾಕದ ಬಸ್ಸು ಹತ್ತಿದೆ. ಕರೆಯುತ್ತಾರೆ, ಕರೆಯದೆ ಎಲ್ಲಿ ಹೋಗುತ್ತಾರೆ ಎಂಬ ದುಷ್ಟ ಸಂತೋಷ ನನ್ನೊಳಗಿತ್ತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಸೋಮವಾರದ ಅಭ್ಯಾಸದಲ್ಲೇ ಸವಾರರು ದೂರಿದರಂತೆ. ಕೆಲವರಿಗೆ ಹ್ಯಾಂಡಲ್ ಗಟ್ಟಿ, ತಿರುಗಿಸಿದರೆ ತಿರುಗಿದಲ್ಲೇ ನಿಲ್ಲುತ್ತದೆ. ಇನ್ನು ಕೆಲವರಿಗೆ ಬ್ರೇಕ್ ಹಿಡಿದರೆ ಮುಂದೆ ಕಟಕಟ ಸದ್ದು. ಕಾರ್ಯದರ್ಶಿಗಳು ಪುಣೆಗೆ ಫೋನ್ ಮಾಡಿದರು. ಹೊಸ ಭಂಗಿ, ರೂಢಿಯಾಗಲು ಸಮಯ ಬೇಕು, ಸೊಂಟದ ಬಲ ಸಾಲದು ಎಂದು ಉತ್ತರ ಬಂತು. ಮಂಗಳವಾರ ಧುಪದಾಳದ ಹತ್ತಿರ ಕಾಲುವೆ ರಸ್ತೆಯ ತಿರುವಿನಲ್ಲಿ ಮೂಡಲಗಿಯ ಒಬ್ಬ ಸವಾರ ತಿರುಗಲಾಗದೆ ನೇರವಾಗಿ ಕಲ್ಲಿಗೆ ಹೋಗಿ ಬಿದ್ದ. ಕೊರಳ ಕೆಳಗಿನ ಎಲುಬು ಮುರಿಯಿತು. ಅವನ ಆಯ್ಕೆ ಅಲ್ಲಿಗೇ ಮುಗಿಯಿತು. ಮತ್ತೆ ಫೋನ್ ಹೋಯಿತು. ತಿರುವಿನಲ್ಲಿ ಚಕ್ರ ನೋಡದೆ ರಸ್ತೆ ನೋಡಬೇಕು, ಹುಡುಗರಿಗೆ ಹೇಳಿ ಎಂದರಂತೆ.

ಬುಧವಾರ ಬೆಳಿಗ್ಗೆ ಕಾರ್ಯದರ್ಶಿಗಳು ನನ್ನ ಅಂಗಡಿಯ ಮುಂದೆ ನಿಂತಿದ್ದರು. ಹಳದಿ ಚುಕ್ಕೆ ಒಡೆಯದಂತೆ ಒಮ್ಮೆ ನೋಡಲು ಆಗುತ್ತದೆಯೇ ಎಂದು ಕೇಳಿದರು. ಒಬ್ಬನ ಎಲುಬು ಒಡೆದ ಮೇಲೂ ಅವರಿಗೆ ಚುಕ್ಕೆಯ ಚಿಂತೆ. ನಾನು ಒರಟಾಗಿಯೇ ಹೇಳಿದೆ.

"ಚುಕ್ಕಿ ಬೇಕಾದ್ರ ಸೈಕಲ್ ಗ್ವಾಡಿಗೆ ತೂಗ ಹಾಕ್ರಿ ಸರ. ಹೊಡ್ಯಾಕ ಬೇಕಾದ್ರ ನನ್ನ ಕೈಯಾಗ ಕೊಡ್ರಿ."

ಅವರು ನಡೆಯಿರಿ ಎಂದರು.

ಶೆಡ್ಡಿನಲ್ಲಿ ಸೈಕಲ್‌ಗಳನ್ನು ಸಾಲಾಗಿ ನಿಲ್ಲಿಸಿ ಪರೀಕ್ಷೆ ಶುರುಮಾಡಿದೆ. ಪರೀಕ್ಷೆ ಎರಡೇ. ಒಂದು, ಮುಂದಿನ ಬ್ರೇಕ್ ಹಿಡಿದು, ಬೇರಿಂಗು ಕೂಡುವಲ್ಲಿ ಬೆರಳಿಟ್ಟು ಸೈಕಲ್ಲನ್ನು ಹಿಂದೆಮುಂದೆ ನೂಕಬೇಕು. ಆಟವಿದ್ದರೆ ಬೆರಳಿಗೆ ತಿಳಿಯುತ್ತದೆ. ಇನ್ನೊಂದು, ಮುಂದಿನ ಚಕ್ರ ಎತ್ತಿ ಸೈಕಲ್ಲನ್ನು ಓರೆ ಮಾಡಬೇಕು. ಬೇರಿಂಗು ಸರಿಯಿದ್ದರೆ ಹ್ಯಾಂಡಲ್ ತಾನೇ ಆ ಕಡೆ ವಾಲುತ್ತದೆ. ಉಂಗುರ ಹಾಕಿದ್ದ ಎಂಟು ಸೈಕಲ್‌ಗಳಲ್ಲಿ ಒಂದೂ ವಾಲಲಿಲ್ಲ. ಸೈಕಲ್ ನೆಟ್ಟಗೆ ಹೋಗುವುದೇ ಸವಾರನಿಗೂ ಗೊತ್ತಾಗದಷ್ಟು ಸಣ್ಣ ತಿರುವುಗಳಿಂದ. ಎಡಕ್ಕೆ ಬಾಗಿದರೆ ಚಕ್ರ ತುಸು ಎಡಕ್ಕೆ ತಿರುಗಿ ಎತ್ತಿ ನಿಲ್ಲಿಸುತ್ತದೆ. ಬೇರಿಂಗನ್ನು ಹಿಸುಕಿಟ್ಟರೆ ಆ ತಿರುವೇ ಇಲ್ಲ, ಸವಾರ ಕುಡಿದವನಂತೆ ಆ ಕಡೆ ಈ ಕಡೆ ಎಳೆದಾಡಬೇಕು. ಉಂಗುರ ಎಸೆದಿದ್ದ ನಾಲ್ಕರ ಕಥೆ ಬೇರೆ. ಕೊಳವೆಯ ತುದಿ ಸ್ಟೆಮ್ಮಿಗಿಂತ ಮೇಲೆ ಬಂದು, ಮುಚ್ಚಳ ಕೊಳವೆಗೇ ತಾಗಿ ಕುಳಿತಿತ್ತು. ಪಾನಾ ಟಕ್ ಎಂದಿತ್ತು, ಬೇರಿಂಗಿನ ಮೇಲೆ ಒತ್ತಡ ಸೊನ್ನೆ. ಫೋರ್ಕು ಒಳಗೆ ಕುಣಿಯುತ್ತಿತ್ತು.

ಕಾರ್ಯದರ್ಶಿಗಳಿಗೆ ಎರಡನ್ನೂ ಕೈ ಹಿಡಿದು ತೋರಿಸಿದೆ. ಆಮೇಲೆ ಒಂದೊಂದಾಗಿ ಹಳದಿ ಚುಕ್ಕೆ ಒಡೆದೆ. ಪಕ್ಕದ ಬೋಲ್ಟ್ ಸಡಿಲಿಸಿ, ಮುಚ್ಚಳ ಬಿಚ್ಚಿ, ಉಂಗುರವಿಲ್ಲದ ನಾಲ್ಕಕ್ಕೆ ಕಿಸೆಯಲ್ಲಿದ್ದ ಉಂಗುರಗಳನ್ನು ಹಾಕಿ, ಆಟ ಹೋಗುವಷ್ಟು ಒತ್ತಿ, ಹ್ಯಾಂಡಲನ್ನು ಚಕ್ರದ ನೇರಕ್ಕೆ ತಂದು ಬಿಗಿದೆ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಹನ್ನೆರಡೂ ಮುಗಿದವು. ಬಿದ್ದವನ ಸೈಕಲ್ಲಿನ ಮುಚ್ಚಳವನ್ನೂ ಸರಿಮಾಡಿಟ್ಟೆ, ಅದರ ಫೋರ್ಕು ಬಾಗಿದ್ದರೂ, ಓಡಿಸುವವರು ಇಲ್ಲದಿದ್ದರೂ. ಕೆಲಸ ಮಾಡುತ್ತ ನಾನು ತಜ್ಞರ ನಡೆ, ನುಡಿ, ಆ ಟಕ್ ಎಲ್ಲವನ್ನೂ ಅಣಕಿಸಿ ತೋರಿಸುತ್ತಿದ್ದೆ. ಸವಾರರು ನಗುತ್ತಿದ್ದರು. ನಗಿಸುವುದು ನನಗೆ ಹಿತವಾಗಿತ್ತು.

ಹನ್ನೊಂದನೆಯ ಸೈಕಲ್ ಘೋಡಗೇರಿಯ ಹುಡುಗಿಯದು. ಕುರಿ ಕಾಯುವ ಮನೆತನದವಳು, ಪಿಯುಸಿ ಓದುತ್ತಾಳೆ, ಮಾತು ಕಡಿಮೆ. ಹೆಣ್ಣುಮಕ್ಕಳ ಗುಂಪಿನಲ್ಲಿ ಅವಳ ಆಯ್ಕೆ ಖಚಿತವೆಂದು ಎಲ್ಲರೂ ಹೇಳುತ್ತಿದ್ದರು. ಅವಳ ಸೈಕಲ್ಲನ್ನು ಓರೆ ಮಾಡಿದಾಗ ಹ್ಯಾಂಡಲ್ ವಾಲಿತು, ಆದರೆ ಉಳಿದವುಗಳಿಗಿಂತ ತುಸು ಹೆಚ್ಚು ಓರೆ ಮಾಡಬೇಕಾಯಿತು. ಕೈಗೆ ಅದು ತಿಳಿಯಿತು. ತಿಳಿದೂ ಕೆಳಗಿಟ್ಟೆ. ಹನ್ನೆರಡನೆಯದು ಕಾಯುತ್ತಿತ್ತು, ಎದುರಿಗೆ ನಗುವವರಿದ್ದರು.

ಶುಕ್ರವಾರ ಅವಳು ಶೆಡ್ಡಿಗೆ ಬಂದು ನನ್ನ ಪಕ್ಕ ನಿಂತಳು. ಉಳಿದವರ ಸೈಕಲ್ ಸರಿಯಾಗಿವೆ, ತನ್ನದು ಇನ್ನೂ ಆಗಿಲ್ಲ ಎಂದಳು.

"ಹ್ಯಾಂಡಲ್ ನಡಕ ಬಂದ ಕೂಡ್ಲೆ ತಗ್ಗಿನ್ಯಾಗ ಬಿದ್ದಂಗ ಆಗತೈತ್ರಿ ಕಾಕಾ. ಅಲ್ಲಿಂದ ಏಳಾಕ ಒಲ್ಲೆ ಅಂತೈತಿ."

ನಾನು ಚಕ್ರ ಎತ್ತಿ, ಪೂರ್ತಿ ಓರೆ ಮಾಡಿ ತೋರಿಸಿದೆ. ವಾಲಿತು. ನಾಲ್ಕು ದಿನ ಗಟ್ಟಿ ಹ್ಯಾಂಡಲ್ ಹಿಡಿದು ಹೊಡೆದಿದ್ದೀ, ಕೈಗೆ ಅದೇ ರೂಢಿಯಾಗಿದೆ, ಎರಡು ದಿನದಲ್ಲಿ ಹೋಗುತ್ತದೆ ಎಂದೆ. ಅವಳು ಸೈಕಲ್ ತೆಗೆದುಕೊಂಡು ಹೋದಳು. ಬಾಯಿಂದ ಬಿದ್ದ ಮಾತು ಯಾರದೆಂದು ಆ ಕ್ಷಣ ನನಗೆ ಹೊಳೆಯಲೇ ಇಲ್ಲ.

ಶನಿವಾರ ಬೆಳಿಗ್ಗೆ ಕಾಲುವೆ ರಸ್ತೆಯಲ್ಲಿ ಕೊನೆಯ ಅಭ್ಯಾಸವಿತ್ತು. ನಾನು ಮೋಟರ್ ಸೈಕಲ್ ಮೇಲೆ ಸಾಮಾನಿನ ಚೀಲ ಹಾಕಿಕೊಂಡು ಹಿಂದೆ ಹೋದೆ. ಹತ್ತು ಮಂದಿ ಸವಾರರು ಗೆರೆ ಎಳೆದಂತೆ ಹೋಗುತ್ತಿದ್ದರು. ಘೋಡಗೇರಿಯ ಹುಡುಗಿ ಮಾತ್ರ ಗುಂಪಿನಿಂದ ದೂರ, ರಸ್ತೆಯ ನಡುವೆ ಒಬ್ಬಳೇ ಬರುತ್ತಿದ್ದಳು. ಹತ್ತಿರ ಹೋದರೆ ಇನ್ನೊಬ್ಬರಿಗೆ ತಾಗುತ್ತೇನೆ ಎಂಬ ಭಯ ಅವಳಿಗೆ. ಗುಂಪಿನೊಳಗೆ ಹೋಗಲಾಗದವಳು ರೇಸ್ ಗೆಲ್ಲುವುದಿಲ್ಲ. ಧುಪದಾಳದ ತಿರುವಿನ ಮುಂಚೆ ಅವಳು ಇಳಿದು ನಿಂತಳು, ಉಳಿದವರೂ ನಿಂತರು. ನಾನು ಮತ್ತೆ ರೂಢಿಯ ಮಾತು ತೆಗೆದೆ.

"ನೀವ ಒಮ್ಮಿ ಹೊಡದ ನೋಡ್ರಿ" ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ.

ನಾನು ಹನ್ನೆರಡು ಸೈಕಲ್‌ಗಳನ್ನು ಜೋಡಿಸಿದ್ದೆ, ಬಿಚ್ಚಿದ್ದೆ, ಮತ್ತೆ ಜೋಡಿಸಿದ್ದೆ. ಒಂದರ ಮೇಲೂ ಕುಳಿತಿರಲಿಲ್ಲ. ಹೊಟ್ಟೆ ಬಂದ ಮೇಲೆ ಸೈಕಲ್ ಹೊಡೆಯುವುದನ್ನೇ ಬಿಟ್ಟಿದ್ದೆ. ಅವಳ ಸೀಟು ನನಗೆ ಎತ್ತರವಾಯಿತು, ಹೇಗೋ ಹತ್ತಿದೆ. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ತಿಳಿಯಿತು. ಹ್ಯಾಂಡಲ್ ನಡುವಿಗೆ ಬಂದು ಕಚ್ಚಿಕೊಳ್ಳುತ್ತಿತ್ತು. ಬಿಡಿಸಲು ತುಸು ಬಲ ಹಾಕಿದರೆ ಬೇಕಾದದ್ದಕ್ಕಿಂತ ಹೆಚ್ಚು ತಿರುಗುತ್ತಿತ್ತು. ಎಡಕ್ಕೆ ಹೋಯಿತೆಂದು ಬಲಕ್ಕೆ ಎಳೆದೆ, ಬಲಕ್ಕೆ ಹೋಯಿತೆಂದು ಎಡಕ್ಕೆ ಎಳೆದೆ. ಕಾಲುವೆಯ ದಂಡೆ ನನ್ನ ಕಡೆ ಬರತೊಡಗಿತು. ಬ್ರೇಕ್ ಒತ್ತಿ ಮಣ್ಣಿನಲ್ಲಿ ಮೊಣಕಾಲೂರಿ ಬಿದ್ದೆ. ನೀರು ಎರಡು ಹೆಜ್ಜೆ ದೂರದಲ್ಲಿತ್ತು. ಹಿಂದೆ ನಿಂತಿದ್ದ ಸವಾರರಲ್ಲಿ ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಅಲ್ಲೇ ಒಂದು ಜಾಲಿಮರದ ಕೆಳಗೆ ಚೀಲ ಹಾಸಿ ಸೈಕಲ್ ಬಿಚ್ಚಿದೆ. ಈ ಸಲ ಮುಚ್ಚಳ, ಸ್ಟೆಮ್ ಅಷ್ಟೇ ಅಲ್ಲ, ಫೋರ್ಕನ್ನೇ ಕೆಳಗೆ ಎಳೆದೆ. ಕೆಳಗಿನ ಬೇರಿಂಗು ಗ್ರೀಸಿನಲ್ಲಿ ಮುಳುಗಿತ್ತು. ಬಟ್ಟೆಯಿಂದ ಒರೆಸಿದೆ. ಬೇರಿಂಗಿನ ಗುಂಡುಗಳನ್ನು ಹಿಡಿದಿಡುವ ತಗಡಿನ ಬಳೆಯೊಂದು ಇರುತ್ತದೆ. ಅದಕ್ಕೆ ಮೇಲು ಕೆಳಗು ಇದೆ. ತಲೆಕೆಳಗಾಗಿ ಹಾಕಿದರೆ ಗುಂಡುಗಳು ತಮ್ಮ ಜಾಗದಲ್ಲಿ ಕೂರುವುದಿಲ್ಲ, ಗುಂಡುಗಳು ಉರುಳುವ ಉಕ್ಕಿನ ಬಟ್ಟಲಿಗೆ ತಗಡು ಉಜ್ಜುತ್ತದೆ. ಬಳೆ ತಲೆಕೆಳಗಾಗಿತ್ತು. ತಜ್ಞರ ಒತ್ತಡಕ್ಕೆ ಅದು ಚಪ್ಪಟೆಯಾಗಿ, ಗುಂಡುಗಳು ಬಟ್ಟಲಿನಲ್ಲಿ ಸಾಲಾಗಿ ಸಣ್ಣಸಣ್ಣ ತಗ್ಗು ಕೊರೆದಿದ್ದವು. ಹ್ಯಾಂಡಲ್ ನಡುವಿಗೆ ಬಂದಾಗಲೆಲ್ಲ ಗುಂಡುಗಳು ಆ ತಗ್ಗುಗಳಿಗೆ ಇಳಿಯುತ್ತಿದ್ದವು. ಹುಡುಗಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ತಜ್ಞರು ಮಾಡಿದ್ದು ಮುಚ್ಚಳ ಬಿಗಿದದ್ದು ಮಾತ್ರ. ಫೋರ್ಕನ್ನು ಅವರು ಬಿಚ್ಚಿಯೇ ಇರಲಿಲ್ಲ. ಡಬ್ಬಿಯಿಂದ ತೆಗೆದು ಜೋಡಿಸಿದ ದಿನ ಆ ಬಳೆಯನ್ನು ಅಲ್ಲಿ ಇಟ್ಟ ಕೈ ನನ್ನದು. ಅಂದು ಹನ್ನೆರಡನ್ನು ಒಂದೇ ದಿನದಲ್ಲಿ ಮುಗಿಸಿದೆನೆಂದು ಊರೆಲ್ಲ ಹೇಳಿಕೊಂಡು ತಿರುಗಿದವನೂ ನಾನೇ.

ಆಗಲೇ ಕಾರ್ಯದರ್ಶಿಗಳು ತಮ್ಮ ಸ್ಕೂಟರ್ ಮೇಲೆ ಬಂದರು. ಹಿಂದೆ ಹುಡುಗಿಯ ತಂದೆ ಕೂತಿದ್ದ. ಮಗಳು ಫೋನ್ ಮಾಡಿದ್ದಳು. ಹೆಗಲ ಮೇಲೆ ಕಂಬಳಿ, ತಲೆಗೆ ಪಟಗ. ಕುರಿಗಳನ್ನು ಅಣ್ಣನ ಕೈಗೆ ಒಪ್ಪಿಸಿ ಬಂದಿದ್ದ. ಕಾರ್ಯದರ್ಶಿಗಳು ಚಪ್ಪಟೆಯಾದ ಬಳೆಯನ್ನು ನೋಡಿದವರೇ ತಜ್ಞರನ್ನು ಬೈಯಲು ಶುರುಮಾಡಿದರು. ಮೂರು ದಿನದ ಹಿಂದೆ ಚುಕ್ಕೆ ಕಾಪಾಡಲು ಹೊರಟವರು ಈಗ ಆ ಮನುಷ್ಯನ ಮೇಲೆ ಕೇಸು ಹಾಕಬೇಕೆಂದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಹನ್ನೊಂದು ಸೈಕಲ್‌ಗಳ ತಪ್ಪು ಖಂಡಿತವಾಗಿ ಅವರದೇ ಆಗಿತ್ತು. ಈ ಒಂದನ್ನೂ ಅವುಗಳ ಜೊತೆ ಸೇರಿಸಿದರೆ ಲೋಕದಲ್ಲಿ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ.

ತಂದೆ ನನ್ನ ಎದುರು ಕುಕ್ಕರಗಾಲಲ್ಲಿ ಕೂತ. ಬಳೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ.

"ಮಿಸ್ತ್ರಿ, ನನಗ ಇದರಾಗಿಂದ ಏನೂ ತಿಳಿಯಾಂಗಿಲ್ರಿ. ಒಂದ ಖರೇ ಹೇಳ್ರಿ. ನಾಳಿ ಈ ಸೈಕಲ್ ಮ್ಯಾಲ ಮಗಳನ್ನ ಕಳಸಲ್ಯಾ ಬ್ಯಾಡಾ?"

ಉತ್ತರ ಹೇಳಬೇಕಾದರೆ ಏನಾಗಿತ್ತೆಂದು ಹೇಳಬೇಕು. ಏನಾಗಿತ್ತೆಂದು ಹೇಳಬೇಕಾದರೆ ಯಾರು ಮಾಡಿದರೆಂದು ಹೇಳಬೇಕು. ನಾನು ಹೇಳಿದೆ. ಕಾರ್ಯದರ್ಶಿಗಳ ಕಡೆ ನೋಡದೆ, ನೆಲ ನೋಡುತ್ತ ಹೇಳಿದೆ.

"ಇದನ್ನ ಉಲ್ಟಾ ಹಾಕಿದಾಂವ ನಾನ. ಅವರು ಬಿಗದದ್ದರಿಂದ ಹೊರಗ ಬಿತ್ತು. ಇಲ್ಲಂದ್ರ ಇನ್ನೊಂದ ವರ್ಷಕ್ಕ ಬೀಳತಿತ್ತು. ನಿನ್ನಿ ನಿಮ್ಮ ಮಗಳು ಹೇಳಿದ್ಲು, ನಾ ಕೇಳಲಿಲ್ಲ."

ಕಾರ್ಯದರ್ಶಿಗಳು ಬೈಗುಳ ನಿಲ್ಲಿಸಿದರು. ತಂದೆ ಮಗಳ ಮುಖ ನೋಡಿದ. ಅವಳು ಕಾಲುವೆಯ ನೀರು ನೋಡುತ್ತಿದ್ದಳು. ಅವನು ನನ್ನನ್ನು ಬೈಯುತ್ತಾನೆಂದು ಕಾದೆ. ಅವನು ಕೇಳಿದ್ದು ಇಷ್ಟೇ, ಈಗ ಸರಿಯಾಗುತ್ತದೆಯೇ, ಇಲ್ಲವೇ.

ಹೊಸ ಬಟ್ಟಲು ಗೋಕಾಕದಲ್ಲೂ ಇಲ್ಲ, ಹುಕ್ಕೇರಿಯಲ್ಲೂ ಇಲ್ಲ. ತರಿಸಲು ಒಂದು ವಾರ ಬೇಕು. ಬಿದ್ದವನ ಸೈಕಲ್ಲಿನಿಂದ ತೆಗೆದು ಹಾಕೋಣವೆಂದರೆ ಕಲ್ಲಿನ ಹೊಡೆತಕ್ಕೆ ಅದರ ಫೋರ್ಕು ಹಿಂದಕ್ಕೆ ಬಾಗಿತ್ತು, ಬಟ್ಟಲು ಸೀಳಿತ್ತು. ಉಳಿದದ್ದು ನನ್ನ ಗುರು ಹೇಳಿಕೊಟ್ಟ ಹಳೆಯ ಉಪಾಯವೊಂದೇ. ತಗ್ಗುಗಳು ಬಳೆಯ ಗುಂಡುಗಳ ಅಂತರಕ್ಕೆ ಬಿದ್ದಿರುತ್ತವೆ. ಬಳೆಯನ್ನೇ ತೆಗೆದು, ಬಿಡಿ ಗುಂಡುಗಳನ್ನು ಒತ್ತೊತ್ತಾಗಿ ತುಂಬಿದರೆ ಅಂತರ ಬದಲಾಗುತ್ತದೆ. ಎಲ್ಲ ಗುಂಡುಗಳೂ ಒಮ್ಮೆಲೇ ತಗ್ಗಿಗೆ ಇಳಿಯಲಾರವು. ಎರಡು ತಗ್ಗಿನಲ್ಲಿದ್ದರೆ ಹತ್ತು ಮೇಲಿರುತ್ತವೆ. ಇದು ಶಾಶ್ವತವಲ್ಲ, ಆದರೆ ಮೋಸವೂ ಅಲ್ಲ. ನಾಳೆಯ ಓಟಕ್ಕೆ ಸಾಕು, ಆಮೇಲೆ ಬಟ್ಟಲು ಬದಲಿಸಲೇಬೇಕು ಎಂದು ತಂದೆಗೆ ಬಿಡಿಸಿ ಹೇಳಿದೆ.

ಗೋಕಾಕಕ್ಕೆ ಹೋಗಿ ಅದೇ ಗಾತ್ರದ ಹೊಸ ಗುಂಡುಗಳನ್ನು ತೆಗೆದುಕೊಂಡು ಜಾಲಿಮರದ ಕೆಳಗೆ ಮರಳಿ ಬಂದೆ. ಬಟ್ಟಲನ್ನು ಸೀಮೆಎಣ್ಣೆಯಿಂದ ತೊಳೆದು, ತಗ್ಗಿನ ಅಂಚುಗಳನ್ನು ನುಣ್ಣಗಿನ ಉಜ್ಜುಕಾಗದದಿಂದ ಸವರಿ, ದಪ್ಪಗೆ ಗ್ರೀಸ್ ಹಚ್ಚಿ, ಒಂದೊಂದೇ ಗುಂಡು ಇಟ್ಟೆ. ಬಳೆಯಲ್ಲಿದ್ದದ್ದಕ್ಕಿಂತ ನಾಲ್ಕು ಹೆಚ್ಚು ಹಿಡಿದವು. ಕೊನೆಗೆ ಅರ್ಧ ಗುಂಡಿನಷ್ಟು ಜಾಗ ಉಳಿಯಿತು, ಅಷ್ಟು ಉಳಿಯಬೇಕು. ಫೋರ್ಕು ಏರಿಸುವಾಗ ಒಂದು ಗುಂಡು ಜಾರಿ ಮಣ್ಣಿಗೆ ಬಿತ್ತು. ಎಲ್ಲ ತೆಗೆದು ಮತ್ತೆ ಮೊದಲಿನಿಂದ ಮಾಡಿದೆ. ಚಕ್ರ ಎತ್ತಿ ಓರೆ ಮಾಡಿದಾಗ ಹ್ಯಾಂಡಲ್ ಎಣ್ಣೆಯಂತೆ ವಾಲಿತು. ಆಮೇಲೆ ಯಾರೂ ಹೇಳದೆಯೇ ಅದರ ಮೇಲೆ ಹತ್ತಿ ತಿರುವಿನವರೆಗೂ ಹೋಗಿ ಬಂದೆ. ತಂದೆ ದಂಡೆಯ ಮೇಲೆ ನಿಂತು ನೋಡುತ್ತಿದ್ದ. ಹಿಂದಿರುಗಿ ಬಂದಾಗ, "ಹಂಗಾದ್ರ ಕಳಸ್ತೇನಿ" ಎಂದ.

ಭಾನುವಾರ ಹುಕ್ಕೇರಿಯಿಂದ ಕಣಗಲಾ ಕಡೆಗೆ ಹೋಗಿ ಮರಳಿ ಬರುವ ಓಟ. ಹೆಣ್ಣುಮಕ್ಕಳಲ್ಲಿ ನಾಲ್ವರನ್ನು ಆರಿಸುವವರಿದ್ದರು. ನಾನು ಮರಳಿ ಬರುವ ಇಳಿಜಾರಿನ ಪಕ್ಕ ನಿಂತಿದ್ದೆ, ಏಕೆಂದರೆ ಹ್ಯಾಂಡಲಿನ ಪರೀಕ್ಷೆ ಅಲ್ಲೇ. ಗುಂಪು ಬಂತು. ಘೋಡಗೇರಿಯ ಹುಡುಗಿ ಈ ಸಲ ಗುಂಪಿನ ನಡುವೆಯೇ ಇದ್ದಳು, ಎರಡೂ ಕಡೆ ಅಂಗೈಯಷ್ಟು ಜಾಗ. ಹ್ಯಾಂಡಲ್ ಅಲುಗಲಿಲ್ಲ. ಅವಳು ಮೂರನೆಯವಳಾಗಿ ಬಂದಳು.

ತಜ್ಞರೂ ಬಂದಿದ್ದರು. ಗೆದ್ದವರ ಜೊತೆ ಫೋಟೊ ತೆಗೆಸಿಕೊಳ್ಳುವಾಗ ಅವಳ ಸೈಕಲ್ಲಿನ ಹ್ಯಾಂಡಲ್ ಮೇಲೆ ಕೈಯಿಟ್ಟು, ಹೊಸ ಭಂಗಿಯ ಲಾಭ ನೋಡಿ ಎಂದು ಸುತ್ತಲಿನವರಿಗೆ ವಿವರಿಸುತ್ತಿದ್ದರು. ಹಳದಿ ಚುಕ್ಕೆ ಒಡೆದಿದ್ದು ಅವರಿಗೆ ಕಾಣಲಿಲ್ಲ. ಬೋಲ್ಟು ನೋಡಿದ್ದರಲ್ಲವೇ ಕಾಣುವುದು. ಅವರಿಗೆ ನಾನು ಏನೂ ಹೇಳಲಿಲ್ಲ. ಅದು ದೊಡ್ಡತನವಲ್ಲ. ನನ್ನ ಹೊಟ್ಟೆಯಲ್ಲಿ ಬೈಗುಳ ಸಾಕಷ್ಟು ಇತ್ತು, ಇಂದಿಗೂ ಇದೆ. ಆದರೆ ಬೈಯಲು ಬಾಯಿ ತೆರೆದರೆ ಅರ್ಧ ಮಾತು ನನಗೇ ಹೇಳಬೇಕಾಗಿತ್ತು. ಕಾರ್ಯದರ್ಶಿಗಳು ಮಾತ್ರ ಅವರನ್ನು ಪಕ್ಕಕ್ಕೆ ಕರೆದು, ಇನ್ನು ನಮ್ಮ ಸೈಕಲ್‌ಗಳನ್ನು ಮುಟ್ಟಬೇಡಿ ಎಂದು ಕನ್ನಡದಲ್ಲೇ ಹೇಳಿದರು. ಕೇಸಿನ ಮಾತು ಎತ್ತಲಿಲ್ಲ. ಅವರಿಂದ ಅಷ್ಟಾದದ್ದೇ ಹೆಚ್ಚು.

ಹೊಸ ಬಟ್ಟಲು ಬಂದ ದಿನ ಹುಡುಗಿ ಸೈಕಲ್ ತೆಗೆದುಕೊಂಡು ಗೋಕಾಕದ ಅಂಗಡಿಗೆ ಬಂದಳು. ಕೆಲಸ ತಾನೇ ಮಾಡುತ್ತೇನೆ, ನೀವು ಪಕ್ಕ ಕೂಡಿ ಎಂದಳು. ಹಳೆಯ ಬಟ್ಟಲು ಬಡಿದು ತೆಗೆಯುವುದನ್ನೂ ಹೊಸದನ್ನು ಕೂರಿಸುವುದನ್ನೂ ನಾನು ಮಾಡಿದೆ. ಉಳಿದದ್ದೆಲ್ಲ ಅವಳದು. ಬಳೆಯ ಎರಡೂ ಬದಿ ನೋಡಿ ಹಾಕಿದಳು. ಫೋರ್ಕು ಏರಿಸಿ, ಮುಚ್ಚಳ ಒತ್ತಿ, ಪಕ್ಕದ ಬೋಲ್ಟ್‌ಗಳನ್ನು ಸರದಿಯ ಮೇಲೆ ಬಿಗಿದಳು. ಹ್ಯಾಂಡಲ್ ಸರಿಯಾಗಿ ವಾಲಿತು. ನಾನು ಆಯಿತು ಎಂದು ಎದ್ದೆ. ಅವಳು ಏಳಲಿಲ್ಲ. ಮತ್ತೆ ಬೋಲ್ಟ್ ಸಡಿಲಿಸಿ, ಎಲ್ಲವನ್ನೂ ಬಿಚ್ಚಿ, ಫೋರ್ಕು ಕೆಳಗೆಳೆದು, ಬಳೆಯನ್ನು ಬಗ್ಗಿ ನೋಡತೊಡಗಿದಳು. ಸರಿ ಇತ್ತಲ್ಲವಾ, ಯಾಕ ಬಿಚ್ಚಿದಿ ಎಂದು ಕೇಳಿದೆ.

"ಖಾತ್ರಿ ಇರಲಿಲ್ರಿ" ಎಂದಳು.

ನಾನು ಮತ್ತೆ ಅವಳ ಪಕ್ಕದಲ್ಲಿ ಕೂತು, ಗ್ರೀಸಿನ ಡಬ್ಬಿಯನ್ನು ಅವಳ ಕೈಗೆ ಎಟಕುವಂತೆ ಸರಿಸಿದೆ.